ಆಷಾಢದಲ್ಲಿ ವಂಡರ್‌ಲಾ

"ಆಷಾಢದಾಗ ಯಾರಾದ್ರೂ ಟೂರ್ ಹೋಗ್ತಾರೇನೇ?" ಅಂತ ಅವ್ವ ಫೋನಿನಲ್ಲಿ ಕೇಳಿದಳು. ಅವಳ ಪ್ರಕಾರ ಆಷಾಢದಲ್ಲಿ ಮಾಡಬಹುದಾದ ಕೆಲಸ ಎರಡೇ. ಒಂದು ಡಿಸ್ಕೌಂಟಿನಲ್ಲಿ ಸೀರೆ ತಗೊಳ್ಳೋದು, ಇನ್ನೊಂದು ಶ್ರಾವಣಕ್ಕೆ ಕಾಯೋದು.

ಅವಳ ಮಾತಿನಲ್ಲಿ ಅರ್ಥ ಇತ್ತು. ನಮ್ಮಪ್ಪ ಸಂಡೂರಿನಲ್ಲಿ ಟೈಲರ್. ಮದುವೆ ಸೀಸನ್ನಿನಲ್ಲಿ ರಾತ್ರಿ ಹನ್ನೊಂದಾದರೂ ಮನೆಯಲ್ಲಿ ಮಷಿನ್ ಸದ್ದು ನಿಲ್ಲುತ್ತಿರಲಿಲ್ಲ. ಆಷಾಢ ಬಂತೆಂದರೆ ಸಂಜೆ ಐದಕ್ಕೇ ಮಷಿನ್ ಮೇಲೆ ಕವರ್ ಬೀಳುತ್ತಿತ್ತು. ಅಂಗಡಿ ಸಾಲ ಕೊಡುವವರ ಮನೆ ಮುಂದೆ ಹಾಯದೆ ಹಿಂದಿನ ಓಣಿಯಿಂದ ಬರಬೇಕು ಅನ್ನೋದನ್ನ ನಾನು ಕಲಿತದ್ದು ಆಷಾಢದಲ್ಲೇ. ಹಾಗಾಗಿ 'ಆಫ್ ಸೀಸನ್' ಅನ್ನೋ ಪದ ನನಗೆ ಇಂಗ್ಲಿಷಿನಲ್ಲಿ ಗೊತ್ತಾಗೋ ಮುಂಚೆನೇ ಹೊಟ್ಟೆಗೆ ಗೊತ್ತಿತ್ತು.

ಆದರೂ ಜುಲೈ ತಿಂಗಳ ಒಂದು ಮಂಗಳವಾರ, ಜಿಟಿಜಿಟಿ ಮಳೆಯಲ್ಲಿ, ಮೂವತ್ತಮೂರು ವಯಸ್ಸಿನ ನಾವು ಮೂವರು ಹೆಂಗಸರು ಬಿಡದಿಯ ವಂಡರ್‌ಲಾಗೆ ಹೋದೆವು. ಗಂಡಂದಿರಿಲ್ಲ, ಮಕ್ಕಳಿಲ್ಲ. ಎರಡು ದಿನ, ಅಲ್ಲೇ ಆವರಣದಲ್ಲಿರುವ ರೆಸಾರ್ಟಿನಲ್ಲಿ ಒಂದು ರಾತ್ರಿ. ವಾರದ ಮಧ್ಯೆ, ಮಳೆಗಾಲ, ಆಷಾಢ. ಮೂರೂ ಸೇರಿದ್ದರಿಂದ ಜನ ಇರಲ್ಲ ಅಂತ ಲೆಕ್ಕ. ಹೊಸಪೇಟೆಯಲ್ಲಿ ನರ್ಸ್ ಆಗಿರುವವಳಿಗೆ ನೈಟ್ ಡ್ಯೂಟಿ ಮುಗಿದು ಸಿಕ್ಕಿದ್ದು ಮೂರು ದಿನ ರಜೆ. ಗಣಿಯ ವೇಬ್ರಿಡ್ಜಿನಲ್ಲಿ ಕಂಪ್ಯೂಟರ್ ಆಪರೇಟರ್ ಆಗಿರುವವಳು ತನ್ನ ಪಾಳಿಯನ್ನ ಯಾರಿಗೋ ಒಪ್ಪಿಸಿ ಬಂದಿದ್ದಳು. ನನಗೆ ರಜೆ ಹಾಕುವ ಅವಶ್ಯಕತೆಯೇ ಇರಲಿಲ್ಲ. ಅದನ್ನ ಆಮೇಲೆ ಹೇಳ್ತೀನಿ.

ಹೆಸರು ಬರೆಯಬೇಡ ಅಂತ ಇಬ್ಬರೂ ಕರಾರು ಹಾಕಿದ್ದಾರೆ. ಆದ್ದರಿಂದ ಇಲ್ಲಿ ಒಬ್ಬಳು ಸಿಸ್ಟರ್, ಇನ್ನೊಬ್ಬಳು ಲಾರಿ. ಲಾರಿ ಅನ್ನೋದು ಸ್ಕೂಲಿನಲ್ಲೇ ನಾವು ಇಟ್ಟ ಅಡ್ಡಹೆಸರು. ಅವಳಪ್ಪನ ಹತ್ತಿರ ಎರಡು ಟಿಪ್ಪರ್ ಇದ್ದವು.

ಈ ಕಥೆ ಶುರುವಾಗಿದ್ದು 2007ರಲ್ಲಿ. ಸಂಡೂರು ಆಗ ಬೇರೆಯೇ ಊರು. ಅದಿರಿನ ರೇಟು ಏರಿತ್ತು, ಚೀನಾಕ್ಕೆ ಹೋಗ್ತದೆ ಅಂತ ಎಲ್ಲರೂ ಹೇಳೋರು. ರಸ್ತೆ ತುಂಬಾ ಲಾರಿ. ಬಿಳಿ ಯೂನಿಫಾರ್ಮ್ ಸಂಜೆಗೆ ಇಟ್ಟಂಗಿ ಬಣ್ಣಕ್ಕೆ ತಿರುಗುತ್ತಿತ್ತು. ಮರದ ಎಲೆ ಹಸಿರಾಗಿರುತ್ತೆ ಅನ್ನೋದು ಮಳೆಗಾಲದಲ್ಲಿ ಮಾತ್ರ ನೆನಪಾಗೋದು. ಒಂದು ಲಾರಿ ಇದ್ದವರು ಎರಡು ಮಾಡಿದರು, ಹೊಲ ಇದ್ದವರು ಮಾರಿ ಲಾರಿ ತಗೊಂಡರು. ಎಲ್ಲ ಫೈನಾನ್ಸಿನ ಮೇಲೆ. ದುಡ್ಡು ಬಂದವರ ಮನೆಗೂ ಬರದವರ ಮನೆಗೂ ಧೂಳು ಮಾತ್ರ ಸಮವಾಗಿ ಬರ್ತಿತ್ತು.

ಆ ವರ್ಷ ನಾವು ಹತ್ತನೇ ಕ್ಲಾಸು. ಸ್ಕೂಲಿನಿಂದ ಮೈಸೂರು ಟೂರ್, ಬರುವಾಗ ವಂಡರ್‌ಲಾ. ಅದು ಶುರುವಾಗಿ ಎರಡು ವರ್ಷ ಆಗಿತ್ತಷ್ಟೇ. ಅಲ್ಲಿಯವರೆಗೆ ನಮ್ಮ ಪಾಲಿನ ಥೀಮ್ ಪಾರ್ಕ್ ಅಂದ್ರೆ ಹೊಸಪೇಟೆಯ ಟಿ.ಬಿ. ಡ್ಯಾಮ್ ಗಾರ್ಡನ್. ಸಂಗೀತ ಕಾರಂಜಿ, ಜಿಂಕೆ, ಬುಟ್ಟಿಯಲ್ಲಿ ಒಯ್ದ ಚಿತ್ರಾನ್ನ. ಟೂರಿನ ದುಡ್ಡು ಕಟ್ಟೋಕೆ ನಮ್ಮಪ್ಪನ ಹತ್ತಿರ ಆಗಲಿಲ್ಲ. ಸಿಸ್ಟರ್ ಮನೆಯಲ್ಲಿ ಕೇಳಲೇ ಇಲ್ಲ, ಉತ್ತರ ಗೊತ್ತಿತ್ತು. ಲಾರಿ ಹೋದಳು.

ಬಂದವಳು ಒಂದು ತಿಂಗಳು ಬಿಡದೆ ಕಥೆ ಹೇಳಿದಳು. ಸಮುದ್ರದ ಹಾಗೆ ತೆರೆ ಬರೋ ಕೊಳ. ಒಳಗೇ ಮಳೆ ಸುರಿಯೋ ಡಾನ್ಸ್ ರೂಮು, ಅದೂ ಬೆಚ್ಚಗಿನ ಮಳೆ! "ಬಿಸಿನೀರಿನ ಮಳೆ ಹೆಂಗ್ ಬರ್ತದಲೇ?" ಅಂತ ನಾವು ನಂಬಲಿಲ್ಲ. ಅವಳು ನರಿಹಳ್ಳದ ದಂಡೆಯ ಮೇಲೆ ಕೂತು ಆಣೆ ಮಾಡಿದಳು. "ಒಂದಿನ ಮೂರೂ ಮಂದಿ ಹೋಗಾಣ, ಟಿಕೆಟ್ ನಾ ತಗೀತೀನಿ" ಅಂದಳು. ಹದಿನೈದು ವರ್ಷದ ಹುಡುಗಿ, ಎರಡು ಟಿಪ್ಪರಿನ ಒಡತಿ ಥರ ಹೇಳಿದ್ದು ಈಗಲೂ ಕಿವಿಯಲ್ಲಿದೆ.

ಆಮೇಲೆ ಏನಾಯ್ತು ಅಂತ ನಮ್ಮ ಕಡೆಯವರಿಗೆಲ್ಲ ಗೊತ್ತು. 2011ರ ಜುಲೈ 27ಕ್ಕೆ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ವರದಿ ಬಂತು. ಎರಡು ದಿನ ಬಿಟ್ಟು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಬೇಕಿತ್ತು ಕೂಡ. ನಮ್ಮ ಗುಡ್ಡಗಳನ್ನ ನೋಡಿದವರು ಬೇರೆ ಮಾತಾಡಲ್ಲ. ಆದರೆ ಗುಡ್ಡ ತಿಂದವರ ಮನೆಯಲ್ಲಿ ಮಾತ್ರ ಒಲೆ ಆರಲಿಲ್ಲ. ಕಂತಿನ ಮೇಲೆ ಲಾರಿ ತಗೊಂಡವರು, ಡ್ರೈವರು, ಕ್ಲೀನರು, ಪಂಕ್ಚರ್ ಹಾಕೋರು, ಡಾಬಾದವರು, ಎಲ್ಲರೂ ಒಂದೇ ವಾರದಲ್ಲಿ ಖಾಲಿ ಕೂತರು. ಲಾರಿಯ ಮನೆಯಲ್ಲಿ ಒಂದು ಟಿಪ್ಪರ್ ಫೈನಾನ್ಸಿನವರು ಒಯ್ದರು. ಅವಳು ಇಂಜಿನಿಯರಿಂಗ್ ಮೊದಲ ವರ್ಷ ಮುಗಿಸಿದ್ದಳು. ಎರಡನೇ ವರ್ಷದ ಫೀಸು ಕಟ್ಟೋ ಹೊತ್ತು. ಕಟ್ಟಲಿಲ್ಲ.

ನಾನು ಬ್ಯಾಂಕ್ ಲೋನಿನ ಮೇಲೆ ಬೆಂಗಳೂರಿನಲ್ಲಿ ಓದುತ್ತಿದ್ದೆ. ಆ ಆಗಸ್ಟಿನಲ್ಲಿ ಒಂದು ರಾತ್ರಿ ಅವಳ ಫೋನ್ ಬಂತು. ಹಾಸ್ಟೆಲ್ ಮಂಚದ ಮೇಲೆ ನೋಕಿಯಾ ಫೋನು ರಿಂಗಾಗ್ತಾ ಇತ್ತು, ನಾನು ನೋಡ್ತಾ ಇದ್ದೆ. ದುಡ್ಡು ಕೇಳ್ತಾಳೆ ಅಂತ ಅನ್ನಿಸಿತು. ಎತ್ತಲಿಲ್ಲ. ಎರಡು ದಿನ ಬಿಟ್ಟು "ಸಾರಿ, ಇಂಟರ್ನಲ್ಸ್ ಇತ್ತು" ಅಂತ ಮೆಸೇಜ್ ಹಾಕಿದೆ. ಅವಳು "ಪರವಾಗಿಲ್ಲ" ಅಂದಳು. ಅಲ್ಲಿಂದ ನಮ್ಮ ಗೆಳೆತನ ಹಬ್ಬದ ಶುಭಾಶಯದ ಮಟ್ಟಕ್ಕೆ ಇಳಿಯಿತು. ಜಗಳ ಆಗಿದ್ದರೆ ರಾಜಿ ಆಗಬಹುದಿತ್ತು. ಜಗಳವೇ ಆಗಿರಲಿಲ್ಲ.

ಇನ್ನೊಂದು ವಿಷಯ. 2019ರಲ್ಲಿ ನಮ್ಮ ಟೀಮಿನವರನ್ನ ಕಂಪನಿ ವಂಡರ್‌ಲಾಗೆ ಕರ್ಕೊಂಡು ಹೋಗಿತ್ತು. ಮೂರೂ ಮಂದಿ ಒಟ್ಟಿಗೆ ಅಂದಿದ್ದು ನೆನಪಿರಲಿಲ್ಲ ಅಂತ ಸುಳ್ಳು ಹೇಳಲ್ಲ, ನೆನಪಿತ್ತು. ಫೋಟೋ ಹಾಕಿದೆ. ಮೊದಲ ಲೈಕ್ ಲಾರಿಯದ್ದು.

ಮತ್ತೆ ನಮ್ಮನ್ನ ಸೇರಿಸಿದ್ದು ಸಿಸ್ಟರ್. ಕಳೆದ ಜಾತ್ರೆಗೆ ಊರಿಗೆ ಹೋದಾಗ ಒಂದು ಗ್ರೂಪ್ ಮಾಡಿ "ನಾವು ಮೂರೂ ಮಂದಿ ಬದುಕಿದ್ದಾಗಲೇ ವಂಡರ್‌ಲಾಗೆ ಹೋಗಾಣ" ಅಂತ ಹಾಕಿದಳು. ಐಸಿಯುನಲ್ಲಿ ಕೆಲಸ ಮಾಡೋರ ತಮಾಷೆ ಹಾಗೇ ಇರುತ್ತೆ. ನಾನು ರೂಮ್ ಬುಕ್ ಮಾಡಿದೆ. ಬುಕ್ ಮಾಡಿದ ಇಪ್ಪತ್ತು ದಿನಕ್ಕೆ ನನ್ನ ಕೆಲಸ ಹೋಯ್ತು.

ಹದಿನೈದು ನಿಮಿಷದ ವೀಡಿಯೋ ಕಾಲ್. ಎಚ್.ಆರ್. ಹುಡುಗಿ ಓದಿ ಹೇಳಿದಳು. ಅವಳ ಹಿಂದೆ ಗೋಡೆಯ ಮೇಲೆ ಬಿಸಿಲಿತ್ತು ಅನ್ನೋದಷ್ಟೇ ನೆನಪಿದೆ. ಮೂರು ತಿಂಗಳ ಸಂಬಳ ಕೊಟ್ಟರು. ಮನೆಯಲ್ಲಿ ಹೇಳಲಿಲ್ಲ. ಬೆಳಿಗ್ಗೆ ಅವ್ವ ಫೋನ್ ಮಾಡಿದರೆ "ಮೀಟಿಂಗ್ ಐತಿ" ಅಂತ ಕಟ್ ಮಾಡೋದು, ಇಲ್ಲ ಅಂದ್ರೆ ಎತ್ತದೇ ಇರೋದು. ರೂಮ್ ಕ್ಯಾನ್ಸಲ್ ಮಾಡೋಣ ಅಂತ ನಾಲ್ಕು ಸಲ ಆ್ಯಪ್ ತೆಗೆದೆ. ಮಾಡಲಿಲ್ಲ. ಇವರಿಬ್ಬರಿಗೆ ಕಾರಣ ಹೇಳಬೇಕಾಗುತ್ತಲ್ಲ, ಅದಕ್ಕೆ.

ಅವರಿಬ್ಬರೂ ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದರು. ಮೆಟ್ರೋದಲ್ಲಿ ಚಲ್ಲಘಟ್ಟದವರೆಗೆ, ಅಲ್ಲಿಂದ ಕ್ಯಾಬು. ದಾರಿಯಲ್ಲಿ ಇಬ್ಬರದೂ ಜಿಲ್ಲೆ ಜಗಳ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರ ಆಯ್ತು, ಸಂಡೂರು ಬಳ್ಳಾರಿಯಲ್ಲೇ ಉಳೀತು. ಅಲ್ಲಿಂದ ಇಲ್ಲಿಗೆ ಮೂವತ್ತು ಕಿಲೋಮೀಟರ್ ಇಲ್ಲ, ಆದರೂ ಸಿಸ್ಟರ್ "ನಿಮ್ಮ ಜಿಲ್ಲೆಯೋರು" ಅಂತ ಮಾತು ಶುರು ಮಾಡ್ತಾಳೆ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದೆವು. ಲಾರಿ ಇಡ್ಲಿಯನ್ನ ಅಂಗೈಮೇಲೆ ಹಿಡಿದು ತೂಕ ನೋಡಿದಳು. "ಅಭ್ಯಾಸ" ಅಂದಳು.

ಜನ ಇಲ್ಲದ ಥೀಮ್ ಪಾರ್ಕ್ ನೋಡಿದ್ದೀರಾ? ಗೇಟಿನ ಹತ್ತಿರ ಒಂದು ಕಾಲೇಜು ಹುಡುಗರ ಗುಂಪು, ಎರಡು ಹೊಸ ಜೋಡಿ (ಆಷಾಢದ ನಿಯಮ ಮುರಿದವರು), ಕೇರಳದ ಒಂದು ದೊಡ್ಡ ಕುಟುಂಬ. ಅಷ್ಟೇ. ಹಾಡು ಜೋರಾಗಿ ಬರ್ತಾ ಇತ್ತು, ಕೇಳೋಕೆ ಯಾರೂ ಇರಲಿಲ್ಲ. ಕ್ಯೂಗೆ ಅಂತ ಹಾಕಿದ ಕಬ್ಬಿಣದ ಕಂಬಿಗಳು ಹಾವಿನ ಹಾಗೆ ಸುತ್ತಿ ಸುತ್ತಿ ಹೋಗ್ತವೆ, ನಾವು ಮೂವರೇ ಅದರೊಳಗೆ ಬಲಕ್ಕೆ ಹೋಗಿ, ಎಡಕ್ಕೆ ಬಂದು, ಮತ್ತೆ ಬಲಕ್ಕೆ ಹೋಗಿ, ಸುಮ್ಮನೆ ನಡೆದೆವು. 2019ರಲ್ಲಿ ಶನಿವಾರ ಬಂದಾಗ ಇದೇ ಕಂಬಿಗಳ ಮಧ್ಯೆ ಒಂದೊಂದು ರೈಡಿಗೆ ಮುಕ್ಕಾಲು ಗಂಟೆ ನಿಂತಿದ್ದೆ.

ಒಂದು ಸಣ್ಣ ತೊಂದರೆ ಇದೆ. ಕ್ಯೂ ಇಲ್ಲ ಅಂದ ಮಾತ್ರಕ್ಕೆ ರೈಡ್ ತಕ್ಷಣ ಶುರುವಾಗಲ್ಲ. ಒಂದಷ್ಟು ಜನ ಸೇರಬೇಕು. "ಇನ್ನೂ ನಾಲ್ಕು ಜನ ಬರಲಿ ಮೇಡಂ" ಅಂತ ಆಪರೇಟರ್ ಹುಡುಗ ಅಂದ. ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕಾಲು ಅಲ್ಲಾಡಿಸ್ತಾ ಕೂತೆವು. ಕೊನೆಗೆ ಕೇರಳದ ಕುಟುಂಬ ಬಂತು. ಅವನು ನಮ್ಮನ್ನ ಎಬ್ಬಿಸಿ ಎದುರುಬದುರು ಹಂಚಿ ಕೂರಿಸಿದ.

"ತೂಕ ಸಮ ಮಾಡಾಕಲೇ. ಲೋಡ್ ಒಂದೇ ಕಡೆ ಬಿದ್ರ ಬೇರಿಂಗ್ ಹೋಗ್ತದ" ಅಂತ ಲಾರಿ ವಿವರಿಸಿದಳು. ವೇಬ್ರಿಡ್ಜಿನಲ್ಲಿ ಮೊದಲು ಖಾಲಿ ಲಾರಿಯ ತೂಕ ತಗೀತಾರೆ, ಆಮೇಲೆ ತುಂಬಿದ್ದು. ವ್ಯತ್ಯಾಸವೇ ಅದಿರು. "ನಿನ್ನ ಖಾಲಿ ತೂಕ ಎಷ್ಟಲೇ ಸಿಸ್ಟರ್?" ಅಂದಿದ್ದಕ್ಕೆ ಸಿಸ್ಟರ್, "ಇಡ್ಲಿಗಿಂತ ಮುಂಚೆದ್ದಾ, ಆಮೇಲಿಂದಾ?" ಅಂದಳು.

ರಿಕಾಯಿಲ್ ಅನ್ನೋ ರೋಲರ್ ಕೋಸ್ಟರ್ 2007ರಲ್ಲಿ ಇರಲಿಲ್ಲ. ಲಾರಿಯ ಕಥೆಯಲ್ಲಿ ಬರದ ಹೊಸ ಐಟಂ. ಮುಂದಕ್ಕೆ ಹೋಗಿ ಗಿರಕಿ ಹೊಡೆಯುತ್ತೆ, ಉಸಿರು ಬಿಡೋಷ್ಟರಲ್ಲಿ ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತೆ, ಮತ್ತೆ ತಲೆಕೆಳಗು. ದಾರಿ ಗೊತ್ತಿದ್ದರೂ ಬೆನ್ನು ಹಿಂದಾದಾಗ ಏನೂ ಗೊತ್ತಾಗಲ್ಲ. ಸಿಸ್ಟರ್ ಹತ್ತಲಿಲ್ಲ. "ದಿನಾ ಮಾನಿಟರ್ ನೋಡಿ ನೋಡಿ ಸಾಕಾಗೈತಿ, ನಂದೇ ಬಿಪಿ ಯಾಕ ಏರಿಸ್ಕೊಳ್ಳಲಿ" ಅಂತ ನಮ್ಮ ಚಪ್ಪಲಿ, ಚೀಲ ಹಿಡಿದು ಕೆಳಗೆ ನಿಂತಳು. ಲಾರಿ ಒಂದು ಸಲಾನೂ ಕಿರುಚಲಿಲ್ಲ. ಇಳಿದ ಮೇಲೆ ನೋಡಿದರೆ ಅವಳ ಕಣ್ಣಲ್ಲಿ ನೀರು. "ಗಾಳಿಗೆ" ಅಂದಳು. ಕಾಯುವವರು ಯಾರೂ ಇಲ್ಲದ್ದರಿಂದ ಮತ್ತೊಂದು ಸಲ ಹತ್ತಿದೆವು.

ಅಷ್ಟರಲ್ಲಿ ಮಳೆ ಜೋರಾಯ್ತು. ಎತ್ತರದ ರೈಡ್‌ಗಳು ಸ್ವಲ್ಪ ಹೊತ್ತು ನಿಂತವು. ನೀರಿನ ಆಟಕ್ಕೆ ಹೋಗೋಣ ಅಂತ ಆಯ್ತು. ಮಳೆಯಲ್ಲಿ ಒದ್ದೆ ಆಗೋದರ ಬದಲು ದುಡ್ಡು ಕೊಟ್ಟಿದ್ದರಲ್ಲೇ ಆಗೋಣ! ಅಲ್ಲಿ ಹತ್ತಿಬಟ್ಟೆ ನಡೆಯಲ್ಲ, ಈಜುಡುಗೆಯೇ ಆಗಬೇಕು. ಸಿಸ್ಟರ್ ಎರಡು ನೈಟಿ ತಂದಿದ್ದಳು, ಎರಡೂ ಲಾಕರಿಗೆ ಹೋದವು. ಹೊಸದಾಗಿ ಕೊಂಡ ಉದ್ದತೋಳಿನ ಕಪ್ಪು ಈಜುಡುಗೆಯಲ್ಲಿ ಮೂವರೂ ಒಂದೇ ಯೂನಿಫಾರ್ಮಿನಲ್ಲಿ ನಿಂತಾಗ ನಗು ತಡೆಯೋಕಾಗಲಿಲ್ಲ. ಹದಿನೆಂಟು ವರ್ಷದ ಮೇಲೆ ಮತ್ತೆ ಒಂದೇ ಯೂನಿಫಾರ್ಮು.

ವೇವ್ ಪೂಲಿನಲ್ಲಿ ನಾನು ದಂಡೆಯ ಹತ್ತಿರವೇ ನಿಂತೆ, ನನಗೆ ಈಜು ಬರಲ್ಲ. ಸಿಸ್ಟರ್ ಕೈ ಹಿಡಿದು ಎಳೆದಳು. "ಇಷ್ಟು ನೀರಿಗೆ ಹೆದರ್ತೀ? 2024ರ ಆಗಸ್ಟಿನಾಗ ಡ್ಯಾಮಿನ 19ನೇ ಗೇಟಿನ ಚೈನ್ ಕಡೀತಲ್ಲ, ಆ ನೀರು ನೋಡಬೇಕಿತ್ತು ನೀನು." ಆ ವಾರ ಹೊಸಪೇಟೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲವಂತೆ. ಒಂದು ವಾರಕ್ಕೆ, ಹರಿಯೋ ನೀರಲ್ಲೇ ತಡೆಹಲಗೆ ಇಳಿಸಿ ಗೇಟು ಮುಚ್ಚಿದ ಮೇಲೆ ಊರಿಗೆ ಊರೇ ಸ್ವೀಟ್ ಹಂಚಿತು ಅಂದಳು. ತೆರೆ ಬಂತು, ಮೂವರೂ ಬಿದ್ದೆವು.

ಆಮೇಲೆ ರೇನ್ ಡಿಸ್ಕೋ. ಒಳಗೆ ಹೆಜ್ಜೆ ಇಟ್ಟ ಕೂಡಲೇ ತಲೆ ಮೇಲೆ ಬೆಚ್ಚಗಿನ ಮಳೆ. ಸಿಸ್ಟರ್ ಅಂಗೈ ಚಾಚಿ ನಿಂತುಬಿಟ್ಟಳು. "ಖರೇನೇ ಬಿಸಿ ಐತಲೇ!" 2007ರ ಆಣೆ 2025ರಲ್ಲಿ ನಿಜವಾಯ್ತು. ನಾನು 2019ರಲ್ಲೇ ಇದನ್ನ ನೋಡಿದ್ದೆ, ಆದರೆ ಆಗ ಜೊತೆಗಿದ್ದವರಿಗೆ ಬಿಸಿನೀರಿನ ಮಳೆಯಲ್ಲಿ ಆಶ್ಚರ್ಯಪಡೋಕೆ ಏನೂ ಇರಲಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಸಾಕಾಗಿತ್ತು. ಲೇಜಿ ರಿವರ್‌ಗೆ ಇಳಿದೆವು. ಹೆಸರಿಗೆ ತಕ್ಕ ಹಾಗೆ ಅದೊಂದು ಸೋಮಾರಿ ಹೊಳೆ. ಟ್ಯೂಬಿನ ಮೇಲೆ ಮಲಗಿದರೆ ನೀರೇ ತಳ್ಳಿಕೊಂಡು ಒಂದು ಸುತ್ತು ತರುತ್ತೆ, ಇಳಿಯೋದು ಬೇಡ ಅಂದ್ರೆ ಇನ್ನೊಂದು ಸುತ್ತು. ಆ ಹೊತ್ತಿಗೆ ಇಡೀ ಹೊಳೆ ನಮ್ಮದೇ. ಸಿಸ್ಟರ್ ಎರಡನೇ ಸುತ್ತಿಗೆ ಟ್ಯೂಬಿನ ಮೇಲೇ ನಿದ್ದೆ ಹೋದಳು, ನೈಟ್ ಡ್ಯೂಟಿಯ ಬಾಕಿ. ನಾನು ಲಾರಿಯ ಟ್ಯೂಬಿನ ಹಿಡಿ ಹಿಡ್ಕೊಂಡಿದ್ದೆ. ಮಳೆ ಮುಖದ ಮೇಲೆ ಬೀಳ್ತಾ ಇತ್ತು. ಒಬ್ಬರ ಮುಖ ಒಬ್ಬರು ನೋಡಬೇಕಾಗಿರಲಿಲ್ಲ. ಅದಕ್ಕೇ ಬಾಯಿ ಬಂತೇನೋ.

"ಆವತ್ತು ನಿನ್ನ ಫೋನ್ ಬಂದಿತ್ತು. ನಾನು ಬೇಕಂತಲೇ ಎತ್ತಲಿಲ್ಲ" ಅಂದೆ.

ಯಾವತ್ತು ಅಂತ ಅವಳು ಕೇಳಲಿಲ್ಲ.

"ಗೊತ್ತು" ಅಂದಳು. ಸ್ವಲ್ಪ ದೂರ ತೇಲಿದ ಮೇಲೆ, "ರೊಕ್ಕ ಕೇಳಾಕೇ ಮಾಡಿದ್ದೆ" ಅಂದಳು.

ಇಷ್ಟು ವರ್ಷ ನಾನು ನನ್ನೊಳಗೇ ಬೇರೆ ಕಥೆ ಕಟ್ಟಿಕೊಂಡಿದ್ದೆ. ಅವಳು ಬಹುಶಃ ಸುಮ್ಮನೆ ಮಾತಾಡೋಕೆ ಮಾಡಿದ್ದಳು, ನಾನು ತಪ್ಪು ತಿಳ್ಕೊಂಡೆ ಅಂತ. ಹಾಗೇನೂ ಇರಲಿಲ್ಲ. ನಾನು ಊಹಿಸಿದ್ದು ಸರಿಯಾಗೇ ಇತ್ತು.

"ನಿನ್ನ ಹತ್ರ ಇಲ್ಲ ಅಂತ ನನಗೂ ಗೊತ್ತಿತ್ತಲೇ. ನಿಮ್ಮಪ್ಪ ನಿನ್ನ ಲೋನಿಗೆ ಸಹಿ ಮಾಡಿದ್ದು ಇಡೀ ಓಣಿಗೇ ಗೊತ್ತಿತ್ತು. ಆದ್ರ ಆವತ್ತು ಆರು ಮಂದಿಗೆ ಮಾಡಿದ್ದೆ. ನಾಕು ಮಂದಿ ಇಲ್ಲ ಅಂದ್ರು. ಇಬ್ರು ಎತ್ತಲಿಲ್ಲ. ಇಲ್ಲ ಅಂದೋರ ಮ್ಯಾಲ ನನಗ ಸಿಟ್ಟಿಲ್ಲ, ಅವ್ರ ಜೊತಿ ಇವತ್ತಿಗೂ ಚಲೋ ಇದೀನಿ. ಇಲ್ಲ ಅನ್ನೋದನ್ನಾದ್ರೂ ನೀನು ಹೇಳಬೇಕಿತ್ತು."

ನಾನು ಏನೂ ಹೇಳಲಿಲ್ಲ. ಹೇಳೋಕೆ ಏನಿತ್ತು? ಒಂದು ಸುತ್ತು ಪೂರ್ತಿ ಹಾಗೇ ಹೋಯ್ತು. ಸಿಸ್ಟರ್ ಗೊರಕೆ ಮಾತ್ರ ಕೇಳ್ತಾ ಇತ್ತು.

ಆಮೇಲೆ ಅವಳೇ ಮಾತು ತೆಗೆದಳು, ಅಪ್ಪನ ಬಗ್ಗೆ. ಒಂದು ಟಿಪ್ಪರ್ ಹೋದ ಮೇಲೆ ಇನ್ನೊಂದು ಮನೆ ಮುಂದೆ ನಿಂತಿತ್ತು. ಲೋಡ್ ಇಲ್ಲ, ಪರ್ಮಿಟ್ ಇಲ್ಲ. ಆದರೂ ಅವಳಪ್ಪ ದಿನಾ ಬೆಳಿಗ್ಗೆ ಆರಕ್ಕೆ ಎದ್ದು ಇಂಜಿನ್ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಹಾಗೇ ಬಿಡ್ತಿದ್ದರಂತೆ. ನಿಲ್ಲಿಸಿಟ್ಟರೆ ಬ್ಯಾಟರಿ ಕೂತ್ಕೊಳ್ಳುತ್ತೆ, ಟೈರ್ ಕೂತ ಜಾಗದಲ್ಲೇ ಚಪ್ಪಟೆ ಆಗುತ್ತೆ. "ಅವ್ವ ಡೀಸೆಲ್ಲಿಗೆ ರೊಕ್ಕ ಎಲ್ಲಿಂದ ತರ್ಲಿ ಅಂತ ಬೈತಿದ್ಲು. ಅಪ್ಪ ಕೇಳ್ತಿರಲಿಲ್ಲ. ನಾನು ಚಾಪೆ ಮ್ಯಾಲ ಮಲ್ಕೊಂಡೇ ಆ ಸದ್ದು ಕೇಳ್ತಿದ್ದೆ. ಸದ್ದು ಬಂತಂದ್ರ ಅಪ್ಪ ಎದ್ದಾನ, ಹುಷಾರಾಗದಾನ ಅಂತ." ಆ ವರ್ಷ ಊರಿನಲ್ಲಿ ಯಾರ್ಯಾರ ಮನೆಯಲ್ಲಿ ಏನೇನಾಯ್ತು ಅಂತ ನನಗೂ ಗೊತ್ತಿತ್ತು. ಅದಕ್ಕೇ ಅವಳು 'ಹುಷಾರು' ಅಂದಿದ್ದು ಪೂರ್ತಿ ಅರ್ಥವಾಯ್ತು.

2012ರ ಸೆಪ್ಟೆಂಬರಿನಲ್ಲಿ ಕೆಲವು ಗಣಿಗಳಿಗೆ ಮತ್ತೆ ಅನುಮತಿ ಸಿಕ್ಕಿತು. ಅಷ್ಟರಲ್ಲಿ ಆ ಟಿಪ್ಪರೂ ಹೋಗಿತ್ತು. ಆದರೆ ಸ್ಟಾರ್ಟಿಂಗಿನಲ್ಲಿ ಇದ್ದದ್ದಕ್ಕೆ ಗುಜರಿ ರೇಟಿಗಿಂತ ಸ್ವಲ್ಪ ಜಾಸ್ತಿ ಬಂತು. ಆ ಸ್ವಲ್ಪದಲ್ಲಿ ಅಪ್ಪ ಝೆರಾಕ್ಸ್ ಅಂಗಡಿ ಹಾಕಿದರು, ಇವಳು ಮನೆಯಲ್ಲೇ ಓದಿ ಬಿ.ಕಾಂ. ಮುಗಿಸಿದಳು. ಇಂಜಿನಿಯರಿಂಗ್ ಬಿಟ್ಟಿದ್ದಕ್ಕೆ ಬೇಜಾರಿಲ್ಲವಾ ಅಂತ ಕೇಳಿದೆ. "ಐತಿ" ಅಂದಳು, ಅಷ್ಟೇ.

ಆಗ ನಾನು ಹೇಳಿದೆ. ಕೆಲಸ ಹೋಗಿ ಆರು ವಾರ ಆಯ್ತು. ಮನೆಯಲ್ಲಿ ಗೊತ್ತಿಲ್ಲ. ಅವ್ವನ ಫೋನ್ ಎತ್ತುತ್ತಾ ಇಲ್ಲ.

ಟ್ಯೂಬಿನ ಮೇಲೆ ಮಲಗಿದ್ದವಳು ಎದ್ದು ಕೂತಳು. ಸಮಾಧಾನ ಹೇಳ್ತಾಳೆ ಅಂದ್ಕೊಂಡೆ. "ಮತ್ತ ಅದನ್ನೇ ಮಾಡಾಕತ್ತೀಯಲ್ಲಲೇ ನೀನು!" ಅಂತ ಬೈದಳು. ಅವಳ ಧ್ವನಿಗೆ ಸಿಸ್ಟರ್ ಎದ್ದು, ಎಲ್ಲಿದ್ದೀನಿ ಅಂತ ತಿಳಿಯದೆ, ಟ್ಯೂಬಿನಿಂದ ನೀರಿಗೆ ಬಿದ್ದಳು. ಮೂರಡಿ ನೀರು. ಅವಳು ಮುಳುಗಿದವರ ಹಾಗೆ ಕೈಕಾಲು ಬಡಿದಿದ್ದು ನೋಡಿ ಲೈಫ್‌ಗಾರ್ಡ್ ಹುಡುಗ ಸೀಟಿ ಊದಿದ. ಆ ದಿನ ಅವನಿಗೆ ಸಿಕ್ಕಿದ ಒಂದೇ ಕೆಲಸ.

ರಾತ್ರಿ ಊಟ ಆದ ಮೇಲೆ ರೂಮಿನಲ್ಲಿ ಇಬ್ಬರೂ ನನ್ನ ಫೋನು ನನ್ನ ಕೈಗೆ ಕೊಟ್ಟು, ಮಂಚದ ಆಚೆ ಈಚೆ ಕೂತರು. ಅಪ್ಪ ಎತ್ತಿದರು. ಒಂದೇ ಉಸಿರಿನಲ್ಲಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಟಿವಿ ಸದ್ದು ಮಾತ್ರ. ಆಮೇಲೆ ಟಿವಿ ಬಂದ್ ಆಯ್ತು.

"ಕೈಯಾಗ ರೊಕ್ಕ ಐತೇನು?" ಅಂತ ಕೇಳಿದರು.

ಎರಡು ತಿಂಗಳಿಗೆ ಆಗುತ್ತೆ ಅಂದೆ.

"ಹಂಗಾರ ಮೂರಕ್ಕ ಎಳಿ. ಬಾಡಿಗಿ ಕಡಿಮಿ ಇರೋ ಮನಿ ನೋಡು. ನಿಮ್ಮವ್ವಗ ನಾ ಹೇಳ್ತೀನಿ." ಅಷ್ಟರಲ್ಲಿ ಅವ್ವ ಫೋನ್ ಕಸಿದುಕೊಂಡಳು. ಕೆಲಸ ಹೋಗಿದ್ದಕ್ಕಲ್ಲ, ಆರು ವಾರ ಮುಚ್ಚಿಟ್ಟಿದ್ದಕ್ಕೆ ಹತ್ತು ನಿಮಿಷ ಬೈದಳು. ಕೊನೆಗೆ, "ಕೆಲಸ ಇಲ್ಲದಾಕಿ ಅಲ್ಲಿಗ್ಯಾಕ ಹೋದಿ ರೊಕ್ಕ ಸುರಿಯಾಕ?" ಅಂದಳು. ಲಾರಿ ಫೋನ್ ತಗೊಂಡು, "ಚಿಗವ್ವ, ರೂಮಿಂದು ಮೂರು ಪಾಲು ಮಾಡೀವಿ. ನಿನ್ನ ಮಗಳದು ಒಂದೇ ಪಾಲು" ಅಂತ ಲೆಕ್ಕ ಒಪ್ಪಿಸಿದಳು. ಸಂಜೆಯೇ ಅವಳು ಪೈಸೆ ಪೈಸೆ ಲೆಕ್ಕ ಹಾಕಿ ನನ್ನ ಖಾತೆಗೆ ಕಳಿಸಿದ್ದಳು. ಬೇಡ ಅಂದಿದ್ದಕ್ಕೆ, "ತೂಕದಾಗ ಮುಲಾಜಿಲ್ಲ" ಅಂದಿದ್ದಳು.

ಮರುದಿನ ಬೆಳಿಗ್ಗೆ ಏಳಕ್ಕೇ ಎಚ್ಚರವಾಯ್ತು. ಪಾರ್ಕ್ ಇನ್ನೂ ತೆರೆದಿರಲಿಲ್ಲ. ಕಾಫಿ ಹಿಡಿದು ಮಂಜಿನಲ್ಲಿ ಅಡ್ಡಾಡಿದೆವು. ಎರಡನೇ ದಿನ ಯಾವುದಕ್ಕೂ ಗಡಿಬಿಡಿ ಇರಲಿಲ್ಲ. ಆಫ್ ಸೀಸನ್ನಿನ ದೊಡ್ಡ ಲಾಭ ಅದೇ ನೋಡಿ, ಕೊಟ್ಟ ದುಡ್ಡಿಗೆ ಎಲ್ಲ ರೈಡೂ ಮುಗಿಸಬೇಕು ಅನ್ನೋ ಹಠ ಇರಲ್ಲ. ಮೊದಲನೇ ದಿನವೇ ಬೇಕಾದ್ದೆಲ್ಲ ಎರಡೆರಡು ಸಲ ಆಗಿರುತ್ತೆ. ನೀವು ಹೋಗೋದಾದರೆ ಹಬ್ಬ, ರಜೆ ಇಲ್ಲದ ವಾರದ ಮಧ್ಯೆ ಹೋಗಿ. ಮಳೆ ಬಂದಾಗ ಎತ್ತರದ ರೈಡ್ ನಿಲ್ಲುತ್ತೆ ಅಂತ ಮೊದಲೇ ತಿಳ್ಕೊಂಡು ಎರಡು ದಿನ ಇಟ್ಕೊಳ್ಳಿ. ಒಂದು ಜೊತೆ ಒಣಬಟ್ಟೆ ಹೆಚ್ಚಿಗೆ ಇರಲಿ. ನೈಟಿ ಬೇಡ.

ಹತ್ತು ಗಂಟೆ ಹೊತ್ತಿಗೆ ರೈಡ್‌ಗಳು ಒಂದೊಂದಾಗಿ ಖಾಲಿಯೇ ತಿರುಗೋಕೆ ಶುರುವಾದವು. ಬಾಗಿಲು ತೆಗೆಯೋ ಮುಂಚೆ ದಿನಾ ಹೀಗೆ ಖಾಲಿ ಓಡಿಸಿ ನೋಡ್ತಾರಂತೆ. ಯಾರೂ ಇಲ್ಲದ ಸೀಟುಗಳು ತಲೆಕೆಳಗಾಗಿ ಹೋಗಿ ಬರ್ತಿದ್ದವು. ಲಾರಿ ಕಾಫಿ ಕಪ್ ಹಿಡಿದು ಅದನ್ನೇ ಬಹಳ ಹೊತ್ತು ನೋಡ್ತಾ ನಿಂತಳು. ನಾನು ಮಾತಾಡಿಸಲಿಲ್ಲ.

ಕೊನೆಗೆ ಸಿಸ್ಟರಿಗೂ ಒಂದು ರೈಡ್ ಆಗಬೇಕಲ್ಲ ಅಂತ ಕಟ್ಟಡದ ಮೇಲೆ ಕೂತಿರೋ ಸ್ಕೈ ವೀಲ್ ಹತ್ತಿದೆವು. ನಿಧಾನಕ್ಕೆ ತಿರುಗೋ ಜೈಂಟ್ ವೀಲ್. ಮೇಲಿಂದ ನೋಡಿದರೆ ದೂರದಲ್ಲಿ ರಾಮನಗರದ ಕಡೆಯ ಬಂಡೆಗುಡ್ಡಗಳು, ಮಳೆಗೆ ತೊಳೆದ ಹಾಗೆ. "ನಮ್ಮ ಗುಡ್ಡನೂ ಈಗ ಹಿಂಗೇ ಹಸರಾಗ್ಯಾವ" ಅಂದಳು ಲಾರಿ. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದಿದ್ದರು. ಸಂಡೂರನ್ನ ಸೆಪ್ಟೆಂಬರಿನಲ್ಲಿ ನೋಡಬೇಕು ಅಂತ ಅವರು ಹೇಳಿದ್ದರು ಅನ್ನೋ ಮಾತು ನಮ್ಮೂರಲ್ಲಿ ಎಲ್ಲರ ಬಾಯಲ್ಲೂ ಇದೆ. ಮುಂದಿನ ಸಲ ಅಲ್ಲೇ ಅಂತ ತೀರ್ಮಾನವಾಯ್ತು. ಟಿಕೆಟ್ಟಿಲ್ಲ, ಕ್ಯೂ ಇಲ್ಲ, ನೈಟಿಗೂ ಅಡ್ಡಿಯಿಲ್ಲ.

ಸೆಪ್ಟೆಂಬರಿನಲ್ಲಿ ಹೋದೆವು ಕೂಡ. ನರಿಹಳ್ಳದ ದಂಡೆಯ ಮೇಲೆ ಚಿತ್ರಾನ್ನ ತಿಂದೆವು. ಅಷ್ಟರಲ್ಲಿ ನನಗೆ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಸಂಬಳ ಮೊದಲಿನ ಮುಕ್ಕಾಲು. ಬಾಡಿಗೆ ಕಡಿಮೆ ಇರೋ ಮನೆಗೆ ಬದಲಾಯಿಸಿದ್ದೀನಿ, ಅಪ್ಪ ಹೇಳಿದ ಹಾಗೆ.

ಹೋದ ವಾರ ರಾತ್ರಿ ಲಾರಿಯ ಫೋನ್ ಬಂತು. ಎರಡನೇ ರಿಂಗಿಗೇ ಎತ್ತಿದೆ.

"ಲೇ, ಮಗಳ ಸ್ಕೂಲ್ ಫೀಸು ಕಟ್ಟಬೇಕು, ಇಪ್ಪತ್ತು ಸಾವಿರ ಕಡಿಮಿ ಬಿದ್ದೈತಿ. ಐತೇನು ನಿನ್ನ ಹತ್ರ?"

"ಈ ತಿಂಗಳು ಆಗಲ್ಲ ಲೇ. ಮುಂದಿನ ತಿಂಗಳು ಹತ್ತು ಕೊಡ್ತೀನಿ" ಅಂದೆ.

"ಸರಿ ಬಿಡು, ಸಿಸ್ಟರಿಗೆ ಕೇಳ್ತೀನಿ" ಅಂದಳು. ಫೋನ್ ಇಡಲಿಲ್ಲ. ಮಗಳು, ಅಪ್ಪನ ಮಂಡಿನೋವು, ವೇಬ್ರಿಡ್ಜಿಗೆ ಬಂದ ಹೊಸ ಸಾಫ್ಟ್‌ವೇರು, ಹೀಗೇ ಮುಕ್ಕಾಲು ಗಂಟೆ ಮಾತಾಡಿದೆವು.